ಖಾಲಿ ಎಳೆಯ ಸೀಸೆ



ಪದವಿ ಪಡೆದವರಿಗೂ ಪದಕ ಗಳಿಸಿದವರಿಗೂ ಅಭಿನಂದನೆಗಳು ಸಲ್ಲುತ್ತವೆ. ಅವುಗಳನ್ನು ವಿಸ್ತರಿಸುವುದಕ್ಕಿಂತ, ಜೀವವಿಜ್ಞಾನದ ಪದವೀಧರರಲ್ಲಿ ಹಲವರು ಸದ್ಯದಲ್ಲೇ ಕೈಹಾಕಲಿರುವ ಒಂದು ಬಗೆಯ ಸಂಶೋಧನೆಯನ್ನು, ಎಂದರೆ ಔಷಧಿಯನ್ನು ಹೊತ್ತ ನ್ಯಾನೋ ಎಳೆಗಳ ಉತ್ಕರ್ಷಣ ನಿರೋಧಕ ಗುಣವನ್ನು ಹಣ್ಣುನೊಣಗಳಲ್ಲಿ ಪರೀಕ್ಷಿಸುವ ಕೆಲಸವನ್ನು, ಪರಿಶೀಲಿಸುವುದು ಹೆಚ್ಚು ಉಪಯುಕ್ತ.

ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಕರುಳಿನಿಂದ ರಕ್ತಕ್ಕೆ ಸೇರುವುದೂ ಅತ್ಯಲ್ಪ. ಈ ತೊಡಕನ್ನು ದಾಟಲು ಅದನ್ನು ಪಾಲಿಮರ್ ದ್ರಾವಣದಲ್ಲಿ ಬೆರೆಸಿ, ಸಿರಿಂಜಿನ ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ವಿದ್ಯುತ್ತನ್ನು ಹಾಯಿಸಿದರೆ, ತುದಿಯ ಹನಿ ಶಂಕುವಿನ ಆಕಾರಕ್ಕೆ ಬಂದು, ಅದರಿಂದ ಚಿಮ್ಮಿದ ಧಾರೆ ಗಾಳಿಯಲ್ಲಿ ಸುತ್ತುತ್ತ ಸಾಗುವಷ್ಟರಲ್ಲಿ ದ್ರಾವಕ ಆವಿಯಾಗಿ, ಎದುರಿನ ಲೋಹದ ಫಲಕದ ಮೇಲೆ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಎಳೆಗಳು ಹರಡಿಕೊಳ್ಳುತ್ತವೆ. ಎಲೆಕ್ಟ್ರೋಸ್ಪಿನ್ನಿಂಗ್ ಎಂದು ಕರೆಯಲಾಗುವ ಈ ವಿಧಾನದಲ್ಲಿ ಔಷಧಿಯ ಕಣಗಳು ಎಳೆಯುದ್ದಕ್ಕೂ ಚದುರಿ ನಿಲ್ಲುವುದರಿಂದ ಅದು ಬೇಗ ಬಿಡುಗಡೆಯಾಗುತ್ತದೆಂಬುದು ನಿರೀಕ್ಷೆ.

ಪರೀಕ್ಷೆಗೆ ಹಣ್ಣುನೊಣವನ್ನು ಆರಿಸುವುದಕ್ಕೆ ಕಾರಣಗಳಿವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಸುಮಾರು 10 ದಿನಗಳಲ್ಲಿ ನೊಣವಾಗುತ್ತದೆ. ಮನುಷ್ಯನ ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಮುಕ್ಕಾಲು ಪಾಲಿಗೆ ಅದರಲ್ಲಿ ಸರಿಸಾಟಿ ವಂಶವಾಹಿಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ನೊಣದ ತಳಿಗಳ ಸಂಗ್ರಹ ಕೇಂದ್ರವೇ ಇದ್ದು, ಅಲ್ಲಿ ರವೆ, ಬೆಲ್ಲ ಮತ್ತು ಅಗರ್ ಬೇಯಿಸಿ, ಬೂಷ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲ ಬೆರೆಸಿದ ಆಹಾರದ ಮೇಲೆ ನೊಣಗಳು ತಲೆಮಾರುಗಳಿಂದ ಬೆಳೆದಿವೆ. ಅದೇ ಊರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧಕರು, ರೋಟೆನೋನ್ ಎಂಬ ಕೀಟನಾಶಕದಿಂದ ನೊಣಗಳಲ್ಲಿ ಉಂಟಾಗುವ ಉತ್ಕರ್ಷಣ ಒತ್ತಡಕ್ಕೆ, ಎಂದರೆ ಚುರುಕಾದ ಆಮ್ಲಜನಕ ಕಣಗಳು ಜೀವಕೋಶಕ್ಕೆ ಮಾಡುವ ಹಾನಿಗೆ, ಬ್ರಾಹ್ಮಿ ತಡೆಯೊಡ್ಡುತ್ತದೆಯೇ ಎಂದು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ್ದಾರೆ.

ಹಲವು ಪ್ರಬಂಧಗಳ ಪರೀಕ್ಷಕನಾಗಿ ಈ ಭಾಷಣಕಾರನನ್ನು ಬಹುಕಾಲದಿಂದ ಕಾಡುತ್ತಿರುವ ಆತಂಕ ಹೋಲಿಕೆಗಾಗಿ ಇಡಬೇಕಾದ ನೊಣಗಳ ಸೀಸೆಗೆ ಸಂಬಂಧಿಸಿದ್ದು. ಔಷಧಿಯ ಎಳೆ ತಿಂದ ನೊಣಗಳು ಬರಿಯ ಆಹಾರ ತಿಂದ ನೊಣಗಳಿಗಿಂತ ಹೆಚ್ಚು ಕಾಲ ಬದುಕಿದವೆಂಬ ಮಾತ್ರಕ್ಕೆ ಎಳೆ ಗೆದ್ದಿತೆಂದು ಬರೆಯುವ ಆತುರ ಎಷ್ಟು ವ್ಯಾಪಕವಾಗಿದೆಯೆಂದರೆ, ಔಷಧಿಯಿಲ್ಲದ ಖಾಲಿ ಎಳೆ ತಿಂದ ನೊಣಗಳ ಸೀಸೆಯಾಗಲಿ, ಅಷ್ಟೇ ಪ್ರಮಾಣದ ಔಷಧಿಯನ್ನು ಎಳೆಯಿಲ್ಲದೆ ತಿಂದವುಗಳ ಸೀಸೆಯಾಗಲಿ ಹಲವು ಪ್ರಬಂಧಗಳಲ್ಲಿ ಕಾಣುವುದೇ ಇಲ್ಲ. ಖಾಲಿ ಎಳೆ ನಿರುಪದ್ರವಿಯೆಂದು ಭಾವಿಸಲಾಗದು: ಜೆಲಾಟಿನ್ ಎಳೆ ಸ್ವತಃ ಪ್ರೋಟೀನ್ ಆಗಿದ್ದು ನೊಣದ ಊಟವನ್ನೇ ಬದಲಿಸುತ್ತದೆ, ಎಳೆಗಳನ್ನು ಗಟ್ಟಿಗೊಳಿಸಲು ಬಳಸುವ ಗ್ಲುಟರಾಲ್ಡಿಹೈಡ್ ಉಳಿದಿದ್ದರೆ ಅದು ವಿಷ. ಪಾಲಿವಿನೈಲ್ ಪಿರೋಲಿಡೋನ್ ಎಳೆಯಂತೂ ಒದ್ದೆ ಆಹಾರದಲ್ಲಿ ಕರಗಿಯೇ ಹೋಗುವುದರಿಂದ, ನೊಣ ತಿಂದದ್ದು ಎಳೆಯನ್ನೋ ಪಾಲಿಮರ್ ಬೆರೆತ ಔಷಧಿಯನ್ನೋ ಎಂಬ ಪ್ರಶ್ನೆಗೆ ಸಂಶೋಧಕ ಉತ್ತರ ಕೊಡಲೇಬೇಕಾಗುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕು ರುಚಿಯದು. ಕಹಿ ಬೆರೆತ ಆಹಾರವನ್ನು ನೊಣ ಕಡಿಮೆ ತಿನ್ನುತ್ತದೆ, ಕಡಿಮೆ ತಿಂದ ನೊಣ ಅನೇಕ ಬಾರಿ ಹೆಚ್ಚು ಕಾಲ ಬದುಕುತ್ತದೆ. ಉಪವಾಸದ ಫಲವನ್ನು ಗಿಡಮೂಲಿಕೆಯ ಖಾತೆಗೆ ಬರೆದಿರುವ ಸಾಧ್ಯತೆಯನ್ನು ಅಳಿಸಬೇಕಾದರೆ, ಆಹಾರಕ್ಕೆ ನೀಲಿ ಬಣ್ಣ ಸೇರಿಸಿ ನೊಣ ಎಷ್ಟು ತಿಂದಿತೆಂದು ಅಳೆಯುವುದು ಅನಿವಾರ್ಯ.

ಪ್ರನಾಳದಲ್ಲಿ ಉತ್ಕರ್ಷಣ ನಿರೋಧಕ ಗುಣವನ್ನು ಪರೀಕ್ಷಿಸುವ ಡಿಪಿಪಿಎಚ್ ದ್ರಾವಣದ ನೇರಳೆ ಬಣ್ಣ ಹಳದಿಗೆ ತಿರುಗಿದೊಡನೆ ಸಂಭ್ರಮಿಸುವ ಯುವಕರಿಗೆ ಒಂದು ಇತಿಹಾಸವನ್ನು ನೆನಪಿಸಬೇಕಾಗಿದೆ. ವಿಜ್ಞಾನಿ ಡೆನ್ಹಮ್ ಹಾರ್ಮನ್ 1956ರಲ್ಲಿ ಮುಪ್ಪಿಗೆ ಚುರುಕು ಕಣಗಳಾದ ಮುಕ್ತ ರ‍್ಯಾಡಿಕಲ್‌ಗಳನ್ನು ಕಾರಣವೆಂದು ಮುಂದಿಟ್ಟ ಮೇಲೆ ಉತ್ಕರ್ಷಣ ನಿರೋಧಕಗಳ ಮೇಲಿನ ನಂಬಿಕೆ ಬೆಳೆಯುತ್ತ ಹೋಯಿತು. ಆದರೆ ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉತ್ಕರ್ಷಣ ನಿರೋಧಕವಾದ ಬೀಟಾ ಕ್ಯಾರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಿತು. ಬಣ್ಣ ಬದಲಾಗುವುದು ರಸಾಯನಶಾಸ್ತ್ರದ ಸಂಗತಿ, ಬದುಕುಳಿಯುವುದು ದೇಹದ ಸಂಗತಿ. ಇವೆರಡರ ನಡುವಣ ದೂರವನ್ನು ಅಳೆಯುವುದಕ್ಕಾಗಿಯೇ ನೊಣ ಇರುವುದು. ಆ ದೂರವನ್ನು ಸ್ವತಃ ಅಳೆಯದೆ, ಮಾದರಿಯನ್ನು ಹಣ ಕೊಟ್ಟು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ, ಗ್ರಾಫ್‌ಗಳನ್ನು ಮಿಂಚಂಚೆಯಲ್ಲಿ ತರಿಸಿಕೊಂಡು, ಒಂದು ದಿನವೂ ಸೀಸೆ ತೊಳೆಯದೆ ಪಿಎಚ್‌ಡಿ ಪಡೆಯುವ ಈಗಿನ ರೂಢಿಯ ಬಗ್ಗೆ ಇಲ್ಲಿ ಸೌಮ್ಯವಾಗಿ ಮಾತನಾಡುವ ಉದ್ದೇಶವಿಲ್ಲ.

ಆದ್ದರಿಂದ, ಕ್ರಮವಿಲ್ಲದಿದ್ದರೂ, ಕೆಲವು ಸಲಹೆಗಳು. ಗಂಡುನೊಣದ ಮುಂಗಾಲಿನ ಕಪ್ಪು ಬಾಚಣಿಗೆಯನ್ನು ಗುರುತಿಸಿ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದನ್ನು ಸಂಶೋಧಕನೇ ಕಲಿಯಬೇಕು, ಸಹಾಯಕನಿಗೆ ಬಿಡಬಾರದು. ಔಷಧಿಯನ್ನು ಕುದಿಯುವ ಆಹಾರಕ್ಕಲ್ಲ, ಆರಿದ ಆಹಾರಕ್ಕೆ ಬೆರೆಸಬೇಕು. ಯಾವ ಸೀಸೆಯಲ್ಲಿ ಏನಿದೆಯೆಂಬ ಗುರುತನ್ನು ಬೇರೊಬ್ಬರು ಬರೆದಿಟ್ಟುಕೊಳ್ಳಬೇಕು, ಸತ್ತ ನೊಣಗಳನ್ನು ಎಣಿಸುವವರಿಗೆ ಅದು ತಿಳಿದಿರಬಾರದು. ಏನೂ ವ್ಯತ್ಯಾಸ ಕಾಣದ ಪ್ರಯೋಗವೂ ಪ್ರಬಂಧದಲ್ಲಿ ಒಂದು ಅಧ್ಯಾಯವಾಗಬೇಕು, ಮಾರ್ಗದರ್ಶಕರು ಮುಖ ಗಂಟಿಕ್ಕಿದರೂ ಸರಿಯೇ. ಬಯಲುಸೀಮೆಯ ಬೇಸಿಗೆಯಲ್ಲಿ ಕರೆಂಟು ಹೋಗಿ ಇನ್‌ಕ್ಯುಬೇಟರ್ ನಿಂತು ತಾಪಮಾನ 30 ಡಿಗ್ರಿ ಮುಟ್ಟಿ ಅಲ್ಲೇ ಉಳಿದರೆ ಆ ಶಾಖದಲ್ಲಿ ಬೆಳೆದ ಗಂಡುನೊಣಗಳು ಸಂತಾನಶಕ್ತಿಯನ್ನೇ ಕಳೆದುಕೊಳ್ಳುವುದರಿಂದ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಅರ್ಜಿ ಬರೆಯುವ ಮುನ್ನ ವಿಭಾಗದ ಮುಖ್ಯಸ್ಥರ ಮುಂದೆ ನಿಂತು ಯುಪಿಎಸ್‌ಗೆ ಅರ್ಜಿ ಕೊಡಬೇಕು; ಕುಲಪತಿಗಳು ಇದೇ ವೇದಿಕೆಯಲ್ಲಿರುವುದರಿಂದ ಆ ಅರ್ಜಿಗಳು ಈ ವರ್ಷವೇ ಮಂಜೂರಾಗಲೆಂದು ಭಾಷಣಕಾರ ಕೋರುತ್ತಾನೆ.