ಬಕೆಟ್‌ನಲ್ಲಿ ಎರಡಿಂಚು ನೀರು ಸಾಕು

ಇವತ್ತಿನ ಎಪಿಸೋಡ್ ಮನೇಲಿ ಚಿಕ್ಕ ಮಕ್ಕಳಿರೋರಿಗೆ. ಅಕ್ಕನ ಮಗು, ಪಕ್ಕದ್ಮನೆ ಮಗು ಬಂದು ಹೋಗ್ತಿದ್ರೂ ನೀವು ಕೇಳಲೇಬೇಕು.

ನಮ್ಮ ಉದಯಗಿರೀಲಿ ಎಷ್ಟೋ ಮನೆಗಳು ಚಿಕ್ಕವು. ಅಡುಗೆ, ನಿದ್ದೆ, ಆಟ ಎಲ್ಲಾ ಅಕ್ಕಪಕ್ಕದಲ್ಲೇ. ನಲ್ಲಿ ಬಂದಾಗ ಡ್ರಮ್ಮು, ಬಕೆಟ್ಟು ತುಂಬಿಸಿಡ್ತೀವಿ. ಮಗುಗೆ ಏನಾದ್ರೂ ಆದ್ರೆ ಎಲ್ಲರೂ ಕೇಳೋದು ಒಂದೇ: "ತಾಯಿ ಎಲ್ಲಿದ್ಲು?" ಈ ಪ್ರಶ್ನೆಯಿಂದ ಯಾವ ಮಗುವೂ ಉಳಿಯಲ್ಲ. ದಿನವಿಡೀ ಕಣ್ಣಿಟ್ಟು ಕಾಯೋಕೆ ಯಾರಿಗೂ ಆಗಲ್ಲ. ಕೇಳಬೇಕಾದ್ದು, "ಬಾತ್‌ರೂಮ್ ಬಾಗಿಲಿಗೆ ಚಿಲಕ ಯಾಕಿರಲಿಲ್ಲ?"

ಪುಟ್ಟ ಮಗುವಿನ ತಲೆ ಮೈಗೆ ಹೋಲಿಸಿದ್ರೆ ಭಾರ. ಬಕೆಟ್ಟಿಗೆ ಬಗ್ಗಿ ತಲೆಕೆಳಗಾದ್ರೆ ವಾಪಸ್ ಏಳೋಕಾಗಲ್ಲ, ಕೂಗೋಕೂ ಆಗಲ್ಲ. ಎರಡಿಂಚು ನೀರು, ಕೆಲವೇ ನಿಮಿಷ ಸಾಕು.

ಇನ್ನೊಂದು ವಿಷಯ. ಮಗು ಇವತ್ತು ಮಾಡದೇ ಇರೋದನ್ನ ನಾಳೆ ಮಾಡಿಬಿಡುತ್ತೆ. ನಾಲ್ಕೈದು ತಿಂಗಳಿಗೆ ಮಗುಚಿಕೊಳ್ಳುತ್ತೆ, ಮಂಚದಿಂದ ಬೀಳುತ್ತೆ. ತೆವಳೋಕೆ ಶುರುವಾದ್ರೆ ನೆಲದ ಮೇಲಿನ ಕಡಲೆಬೀಜ, ನಾಣ್ಯ, ಬಟನ್ ಸೆಲ್ ಎಲ್ಲಾ ಬಾಯಿಗೆ. ಬಟನ್ ಸೆಲ್ ನುಂಗಿದ್ರೆ ಎರಡೇ ಗಂಟೇಲಿ ಅನ್ನನಾಳ ಸುಡಬಹುದು, ಕಾಯಬೇಡಿ, ಆಸ್ಪತ್ರೆಗೆ ಓಡಿ. ಹಿಡ್ಕೊಂಡು ನಿಂತ ಮೇಲೆ ಟೇಬಲ್ ಬಟ್ಟೆ ಎಳೆದ್ರೆ ಬಿಸಿ ಟೀ ಮೈಮೇಲೆ. ಹಾಗಾಗಿ ಮಗು ಕಲಿಯೋಕೆ ಮುಂಚೆ ಮನೆ ಬದಲಾಗಬೇಕು.

ಇದನ್ನ ಹೇಳಿಕೊಡೋರು ಯಾರು? 2018ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದ ಪ್ರಕಾರ ಮಗುಗೆ 3, 6, 9, 12, 15 ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಂದಾಗ ತೂಕ, ಊಟದ ವಿಷಯದ ಜೊತೆಗೆ ಇದನ್ನೂ ಕೇಳಿ: "ಅಕ್ಕಾ, ಮುಂದಿನ ಮೂರು ತಿಂಗಳಲ್ಲಿ ಇವನು ಏನೇನು ಕಲೀತಾನೆ? ಮನೇಲಿ ಏನು ಎತ್ತಿಡಬೇಕು?" ಆ ಮಾತು ಕೇಳೋಕೆ ಅಪ್ಪ, ಅಜ್ಜಿ, ನಾನಿ, ಮಗುನ ಎತ್ಕೊಂಡು ಓಡಾಡೋ ದೊಡ್ಡ ಮಗಳು ಎಲ್ಲರೂ ಕೂತ್ಕೊಳ್ಳಲಿ.

ಇಷ್ಟಾದ್ರೂ ಅವಘಡ ಆದ್ರೆ? ಸುಟ್ಟ ಜಾಗಕ್ಕೆ 20 ನಿಮಿಷ ಹರಿಯೋ ತಣ್ಣೀರು ಹಾಕಿ. ಟೂತ್‌ಪೇಸ್ಟ್, ಐಸ್ ಬೇಡ. ಸೀಮೆಎಣ್ಣೆ, ಫಿನಾಯಿಲ್ ಕುಡಿದ್ರೆ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಮೈಸೂರಲ್ಲಿ ಮಕ್ಕಳಿಗೆ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇದೆ.

ನಾನು ಕಾಮರ್ಸ್ ಓದಿದವನು, ಖರ್ಚಿನ ಲೆಕ್ಕಾನೂ ಹೇಳ್ಬಿಡ್ತೀನಿ. ಡ್ರಮ್ಮಿಗೆ ಗಟ್ಟಿ ಮುಚ್ಚಳ, ಬಾತ್‌ರೂಮಿಗೆ ಹೊರಗಡೆ, ಎತ್ತರದಲ್ಲಿ ಒಂದು ಚಿಲಕ. ಖಾಲಿ ಬಕೆಟ್ ಬೋರಲು ಹಾಕೋಕೆ ಒಂದು ಪೈಸೇನೂ ಬೇಡ. ಎಪಿಸೋಡ್ ಮುಗೀತು, ಈಗಲೇ ಎದ್ದು ಅದನ್ನ ಮಾಡಿ. ಆಮೇಲೆ ಇದನ್ನ ಫ್ಯಾಮಿಲಿ ಗ್ರೂಪಿಗೆ ಕಳಿಸಿ. ಮತ್ತೆ ಸಿಗೋಣ.