ಮುಂದೆ ಅರಮನೆ, ಹಿಂದೆ ಅವರವರ ಬಜೆಟ್ಟು

ಬ್ರಿಡ್ಜರ್ಟನ್ ಸೀರೀಸ್ ನೋಡಿದ್ರೆ ಇವತ್ತಿನ ಬೀದಿ ನಿಮಗೆ ಗೊತ್ತು. ಫೆದರಿಂಗ್ಟನ್ ಮನೆಯ ಹೊರಭಾಗ ಶೂಟ್ ಆಗಿದ್ದು ಇಲ್ಲೇ: ಇಂಗ್ಲೆಂಡಿನ ಬಾತ್ ಅನ್ನೋ ಊರು, ರಾಯಲ್ ಕ್ರೆಸೆಂಟ್.

ಎದುರಿಗೆ ಹುಲ್ಲುಹಾಸು, ಅರ್ಧಚಂದ್ರದ ಹಾಗೆ ಬಾಗಿದ ಕಟ್ಟಡ, 114 ಕಂಬ. ನೋಡಿದ ತಕ್ಷಣ ಯಾವುದೋ ರಾಜನ ಅರಮನೆ ಅನ್ಸುತ್ತೆ. ಆದ್ರೆ ಇದು ಒಂದಕ್ಕೊಂದು ಅಂಟಿಕೊಂಡಿರೋ 30 ಮನೆಗಳು. ಇಂಥ ಸಾಲುಮನೆಗಳಿಗೆ ಅಲ್ಲಿ ಟೆರೇಸ್ ಅಂತಾರೆ. ನಾವು ಬಟ್ಟೆ ಒಣಗಿಸೋ ಟೆರೇಸ್ ಬೇರೆ! ಇನ್ನು ಜಾರ್ಜಿಯನ್ ಅಂದ್ರೆ ಜಾರ್ಜಿಯಾ ದೇಶದ್ದಲ್ಲ. 1714ರಿಂದ 1830ರವರೆಗೆ ಜಾರ್ಜ್ ಹೆಸರಿನ ನಾಲ್ವರು ರಾಜರು ಒಬ್ಬರ ನಂತರ ಒಬ್ಬರು ಆಳಿದ್ರಲ್ಲ, ಆ ಕಾಲದ್ದು.

ನಾನು ಓದಿದ್ದು ಬಿಕಾಂ. ಹಾಗಾಗಿ ಕಂಬಕ್ಕಿಂತ ಹೆಚ್ಚಾಗಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಇದರ ಹಿಂದಿನ ವ್ಯವಹಾರ. 1767ರಲ್ಲಿ ಕೆಲಸ ಶುರುವಾಯ್ತು. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ವಿನ್ಯಾಸ ಮಾಡಿಕೊಟ್ಟಿದ್ದು ಮುಂಭಾಗವನ್ನ. ಕೊಳ್ಳೋರು ಅದರಲ್ಲಿ ಒಂದು ತುಂಡು ತಗೋಬೇಕು, ಅದರ ಹಿಂದೆ ತಮ್ಮದೇ ಆರ್ಕಿಟೆಕ್ಟ್ ಇಟ್ಟು ತಮಗೆ ಬೇಕಾದ ಮನೆ ಕಟ್ಟಿಸ್ಕೋಬೇಕು. ಮುಂದೆ ಮಾತ್ರ ಎಲ್ಲರದ್ದೂ ಒಂದೇ ಥರ ಕಾಣಬೇಕು.

ಈಗ ಹಿಂಬದಿಗೆ ಬನ್ನಿ. ಒಂದು ಮನೆ ಹೊರಗೆ ಚಾಚಿದೆ, ಪಕ್ಕದ್ದು ಒಳಗೆ ಸರಿದಿದೆ. ಸೂರಿನ ಎತ್ತರ ಒಂದೊಂದು ಥರ, ಕಿಟಕಿಗಳೂ ಅಷ್ಟೇ. ಮುಂಭಾಗದಲ್ಲಿ ನುಣುಪಾಗಿ ಕೆತ್ತಿದ ಜೇನುಬಣ್ಣದ ಬಾತ್ ಕಲ್ಲು. ಇದು ಒಂದು ಬಗೆಯ ಸುಣ್ಣಕಲ್ಲು. ಭೂಮಿಯಿಂದ ಆಗಷ್ಟೇ ತೆಗೆದಾಗ ಗರಗಸದಲ್ಲಿ ಕೊಯ್ಯೋಷ್ಟು ಮೆತ್ತಗಿದ್ದು, ಒಣಗ್ತಾ ಗಟ್ಟಿಯಾಗುತ್ತೆ. ಆ ಊರಿನ ಸಾಲುಮನೆಗಳಲ್ಲಿ ಬೀದಿಗೆ ಕಾಣೋ ಗೋಡೆಗೆ ಇಂಥ ಒಳ್ಳೇ ಕಲ್ಲು, ಹಿಂದಿನ ಗೋಡೆಗೆ ಹೆಚ್ಚಾಗಿ ಒರಟು ಕಲ್ಲು. ದುಡ್ಡು ಎಲ್ಲಿ ಉಳಿಸಿದ್ರು ಅಂತ ಗೋಡೆನೇ ಹೇಳುತ್ತೆ.

ಒಳಗೂ ಲೆಕ್ಕ ಇದೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮೇಲೆ ಊಟದ ಕೋಣೆ, ಮೊದಲ ಮಹಡಿಯಲ್ಲಿ ಅತಿಥಿಗಳು ಕೂರೋ ದೊಡ್ಡ ಹಜಾರ, ಆಮೇಲೆ ಮಲಗೋ ಕೋಣೆಗಳು. ಸೂರಿನ ಕೆಳಗಿನ ಸಣ್ಣ ಕೋಣೆಗಳಲ್ಲಿ ಕೆಲಸದವರು. ಮೇಲಕ್ಕೆ ಹೋದ ಹಾಗೆ ಕಿಟಕಿಗಳು ಚಿಕ್ಕದಾಗ್ತವೆ. ಲಿಫ್ಟ್ ಇಲ್ಲ. ಕಲ್ಲಿದ್ದಲು, ಬಿಸಿನೀರು, ಬೂದಿ ಎಲ್ಲವನ್ನೂ ದಿನಾ ಹೊತ್ತು ಹತ್ತಿ ಇಳಿದಿದ್ದು ಆ ಮೇಲಿನ ಕೋಣೆಯವರೇ.

ಈ ಬಿಸಿನೆಸ್ ಯಾವಾಗಲೂ ಗೆಲ್ಲಲಿಲ್ಲ. ಅದೇ ಊರಲ್ಲಿ ಗ್ರೇಟ್ ಪಲ್ಟನಿ ಸ್ಟ್ರೀಟ್ ಅಂತ ಇನ್ನೊಂದು ಭಾರೀ ಯೋಜನೆ. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಯ್ತು, ಬಾತ್‌ನ ಬ್ಯಾಂಕುಗಳು ಮುಳುಗಿದವು. ಯೋಜನೆಯ ವಾಸ್ತುಶಿಲ್ಪಿ ಥಾಮಸ್ ಬಾಲ್ಡ್ವಿನ್ ದಿವಾಳಿಯಾದ್ರು. ಮುಖ್ಯ ಬೀದಿ ಉಳೀತು. ಅದಕ್ಕೆ ಸೇರಬೇಕಿದ್ದ ಅಡ್ಡರಸ್ತೆಗಳಲ್ಲಿ ಕೆಲವು ಇವತ್ತಿಗೂ ನಾಲ್ಕು ಹೆಜ್ಜೆ ಹಾಕೋದ್ರೊಳಗೆ ಮುಗಿದುಹೋಗ್ತವೆ.

ಈಗ ಫೋನಲ್ಲಿ ಮ್ಯಾಪ್ ತೆಗೆದು ರಾಯಲ್ ಕ್ರೆಸೆಂಟ್ ಹುಡುಕಿ, ಸ್ಯಾಟಲೈಟ್ ವ್ಯೂ ಒತ್ತಿ. ಮುಂದಿನ ಗೆರೆ ಕಾಂಪಾಸಲ್ಲಿ ಎಳೆದ ಹಾಗಿದೆ. ಹಿಂದಿನ ಗೆರೆ ನೋಡಿ, ಮನೆಯಿಂದ ಮನೆಗೆ ಅಂಕುಡೊಂಕು. ಅಲ್ಲಿ ಬದುಕಿದ ಜನರ ಕಥೆ ಇರೋದು ಆ ಹಿಂದಿನ ಗೆರೆಯಲ್ಲೇ ಅಂತ ನನಗನ್ಸುತ್ತೆ. ನಿಮಗೇನನ್ಸಿತು, ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.