ಎರಡು ಸೊನ್ನೆಗಳ ಲೆಕ್ಕ



ಕಮಾಂಡ್ ಲೈನಿನಲ್ಲಿ ನಡೆಯುವ ಲೆಕ್ಕಪತ್ರ ತಂತ್ರಾಂಶದ ಕೋಡನ್ನು ರಿಫ್ಯಾಕ್ಟರ್ ಮಾಡುವುದು ಹೇಗೆ ಎಂಬುದು ನಮ್ಮ ಸಂಕಿರಣದ ವಿಷಯ. ನಾನು ಮಾತಾಡಲಿರುವುದು ಮುಖ್ಯವಾಗಿ ಜಾನ್ ವೀಗ್ಲಿ ಅವರು 2003ರಲ್ಲಿ ಆರಂಭಿಸಿದ ‘ಲೆಡ್ಜರ್’ ಬಗ್ಗೆ. ಸೈಮನ್ ಮೈಕಲ್ ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ‘ಎಚ್‌ಲೆಡ್ಜರ್’, ಮಾರ್ಟಿನ್ ಬ್ಲೇ ಪೈಥಾನಿನಲ್ಲಿ ಬರೆದ ‘ಬೀನ್‌ಕೌಂಟ್’ ಎರಡೂ ಅದೇ ಹಾದಿಯಲ್ಲಿ ಬಂದವು. ಬಳಕೆದಾರ ತನ್ನ ಕಿರ್ದಿಯನ್ನು ಸಾದಾ ಪಠ್ಯದ ಕಡತದಲ್ಲಿ ಬರೆದಿಡುತ್ತಾನೆ. ಲೆಡ್ಜರ್ ಅದನ್ನು ಓದುತ್ತದೆ, ದ್ವಿನಮೂದು ತಾಳೆಯಾಗುತ್ತದೆಯೇ ಎಂದು ನೋಡುತ್ತದೆ, ಖಾತೆವಾರು ಬಾಕಿ ತೋರಿಸುತ್ತದೆ. ಕಿರ್ದಿಯನ್ನು ಮಾತ್ರ ತಿದ್ದುವುದಿಲ್ಲ. ಹೊರಗೆ ಕಾಣುವ ವರ್ತನೆಯನ್ನು ಬದಲಿಸದೆ ಒಳರಚನೆಯನ್ನು ಸುಧಾರಿಸುವುದೇ ರಿಫ್ಯಾಕ್ಟರಿಂಗ್ ಎಂಬ ವಿವರಣೆ ಮಾರ್ಟಿನ್ ಫೌಲರ್ ಅವರ 1999ರ ಪುಸ್ತಕದಿಂದ ಎಲ್ಲರ ಬಾಯಲ್ಲಿದೆ. ಲೆಕ್ಕಪತ್ರದಲ್ಲಿ ಆ ‘ವರ್ತನೆ’ ಎಂದರೇನು? ಹಳೆಯ ಕಿರ್ದಿಗೆ ಹಳೆಯ ಬಾಕಿಯೇ ಬರಬೇಕು, ಅಷ್ಟೆ. ಆದ್ದರಿಂದ ಈ ಕೆಲಸ ಕೋಡಿನಿಂದಲ್ಲ, ಕಿರ್ದಿಗಳಿಂದ ಶುರುವಾಗಬೇಕು ಎಂಬುದು ನನ್ನ ವಾದ.

ಇದಕ್ಕೆ ಲೆಡ್ಜರಿನ ಕೋಡಿನೊಳಗೇ ಒಂದು ಸಾಕ್ಷಿಯಿದೆ. ಮೊತ್ತವನ್ನು ನಿಭಾಯಿಸುವ ಭಾಗದಲ್ಲಿ ಸೊನ್ನೆಯನ್ನು ಪರೀಕ್ಷಿಸುವ ಫಂಕ್ಷನ್‌ಗಳು ಎರಡಿವೆ: ‘ಈಸ್ ಝೀರೋ’, ‘ಈಸ್ ರಿಯಲ್ ಝೀರೋ’. ಮೊದಲನೆಯದು, ತೋರಿಸುವಾಗ ಸೊನ್ನೆಯಾಗಿ ಕಾಣುವ ಮೊತ್ತವನ್ನೂ ಸೊನ್ನೆ ಎನ್ನುತ್ತದೆ. ಎರಡನೆಯದಕ್ಕೆ ಮೊತ್ತ ನಿಜಕ್ಕೂ ಸೊನ್ನೆಯೇ ಆಗಿರಬೇಕು. ಅಚ್ಚುಕಟ್ಟು ಬಯಸುವ ಯಾವ ಪ್ರೋಗ್ರಾಮರ್‌ಗಾದರೂ ಇವೆರಡನ್ನು ಒಂದು ಮಾಡೋಣ ಅನ್ನಿಸುವುದು ಸಹಜ. ಆದರೆ ತಲಾ 33.333 ರೂಪಾಯಿಯಂತೆ ಮೂರು ಷೇರು ಕೊಂಡು ನಗದು ಖಾತೆಯಿಂದ 100.00 ರೂಪಾಯಿ ಕೊಟ್ಟ ನಮೂದನ್ನು ನೋಡಿ. ಗುಣಿಸಿದರೆ 99.999, ತಾಳೆಗೆ ರೂಪಾಯಿಯ ಸಾವಿರದಲ್ಲೊಂದು ಭಾಗ ಕಡಿಮೆ. ರೂಪಾಯಿಯನ್ನು ಎರಡೇ ದಶಾಂಶಕ್ಕೆ ತೋರಿಸುವ ಕಿರ್ದಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ನಮೂದು ಒಪ್ಪಿತವಾಗುತ್ತದೆ. ಎರಡು ಸೊನ್ನೆಗಳನ್ನು ಒಂದು ಮಾಡಿ ನಿಜದ ಸೊನ್ನೆಯನ್ನಷ್ಟೇ ಉಳಿಸಿದಿರೋ, ಹತ್ತು ವರ್ಷದಿಂದ ತಾಳೆಯಾಗುತ್ತಿದ್ದ ಕಿರ್ದಿ ತಾಳೆ ತಪ್ಪಿದೆ ಎಂಬ ಸಂದೇಶ ಬರುತ್ತದೆ. ಬರೆದವನು ಒಂದಕ್ಷರ ಬದಲಿಸಿಲ್ಲ. ಕೋಡನ್ನು ಎಷ್ಟು ಸಲ ಓದಿದರೂ ಈ ಅಪಾಯ ಹೊಳೆಯದೆ ಹೋಗಬಹುದು. ಅಂಥದೊಂದು ನಮೂದಿರುವ ಕಿರ್ದಿ ಕೈಯಲ್ಲಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಸಾವಿರದಲ್ಲೊಂದು ಭಾಗಕ್ಕೆ ಇಷ್ಟು ರಂಪವೇಕೆ ಎನ್ನುವವರಿಗೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಉದಾಹರಣೆ ಸಾಕು. ಅಲ್ಲಿನ ಸೂಚ್ಯಂಕ 1982ರಲ್ಲಿ 1000ದಿಂದ ಆರಂಭವಾಗಿ, 1983ರ ನವೆಂಬರ್ ಹೊತ್ತಿಗೆ 520ರ ಆಸುಪಾಸಿಗೆ ಇಳಿದಿತ್ತು. ಪೇಟೆ ಕುಸಿದಿರಲಿಲ್ಲ. ಪ್ರತಿ ವಹಿವಾಟಿನ ನಂತರ ಮೂರನೆಯ ದಶಾಂಶದ ಆಚೆಗಿನ ಅಂಕಿಗಳನ್ನು ಸಮೀಪದ ಅಂಕಿಗೆ ಹೊಂದಿಸುವ ಬದಲು ಕತ್ತರಿಸಿ ಎಸೆಯಲಾಗುತ್ತಿತ್ತು. ಸರಿಪಡಿಸಿದ ಮೇಲೆ ಸೂಚ್ಯಂಕ 1098 ದಾಟಿತು. ನಮ್ಮಲ್ಲಿ ಪೂರ್ಣಾಂಕಕ್ಕೆ ತರುವ ನಿಯಮವೇ ಕಾನೂನಿನಲ್ಲಿದೆ: ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನ ಪ್ರಕಾರ 50 ಪೈಸೆ ಮತ್ತು ಮೇಲ್ಪಟ್ಟದ್ದು ಒಂದು ರೂಪಾಯಿ, ಅದಕ್ಕಿಂತ ಕಡಿಮೆಯಾದರೆ ಸೊನ್ನೆ. ಆದರೆ ಪೈಥಾನಿನ ‘ರೌಂಡ್’ ಫಂಕ್ಷನ್ ಸರಿಯಾಗಿ ಅರ್ಧವಿದ್ದಾಗ ಸಮಸಂಖ್ಯೆಯ ಕಡೆಗೆ ವಾಲುತ್ತದೆ, 2.5 ಕೊಟ್ಟರೆ 2 ಬರುತ್ತದೆ. ಕಾಯ್ದೆಗೆ ಬೇಕಾದದ್ದು 3. ಕಾಯ್ದೆಯಂತೆ ಪೂರ್ಣಾಂಕಕ್ಕೆ ತರಲು ಯಾರೋ ಕೈಯಾರೆ ಬರೆದ ನಾಲ್ಕು ಸಾಲಿನ ಫಂಕ್ಷನ್ ಅನಗತ್ಯವೆಂದು ತೆಗೆದು ಭಾಷೆಯದ್ದೇ ‘ರೌಂಡ್’ ಹಾಕುವುದು ನೋಡಲು ಶುದ್ಧ ರಿಫ್ಯಾಕ್ಟರಿಂಗ್. ಪರಿಣಾಮದಲ್ಲಿ ಅದು ತೆರಿಗೆಯ ಲೆಕ್ಕವನ್ನೇ ತಿದ್ದಿದಂತೆ.

ಹಾಗಾದರೆ ಹಳೆಯ ತಪ್ಪುಗಳನ್ನೂ ಹಾಗೇ ಕಾಪಾಡಬೇಕೆ ಎಂಬ ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದ ಆಕ್ಷೇಪವೂ ಹೌದು. ರಿಫ್ಯಾಕ್ಟರ್ ಮಾಡುವಾಗ ಕಾಪಾಡಲೇಬೇಕು ಎನ್ನುತ್ತೇನೆ. ತಿದ್ದುವುದು ಬೇರೆ ಕೆಲಸ, ಬೇರೆ ಕಮಿಟ್, ಬಳಕೆದಾರನಿಗೆ ತಿಳಿಸಿಯೇ ಮಾಡತಕ್ಕದ್ದು. ಎಚ್‌ಲೆಡ್ಜರಿನವರು ನಡೆದುಕೊಂಡ ರೀತಿ ಮಾದರಿಯಾಗಿದೆ. ತಾಳೆ ನೋಡುವಾಗ ಇಡೀ ಕಿರ್ದಿಯ ದಶಾಂಶ ರೂಢಿಯ ಬದಲು ಆಯಾ ನಮೂದಿನೊಳಗಿನ ದಶಾಂಶವನ್ನೇ ಆಧಾರವಾಗಿಸುವುದು ಸರಿಯೆಂದು ಕಂಡಾಗ, ಅವರು ಅದನ್ನು ಬಿಡುಗಡೆ ಟಿಪ್ಪಣಿಯಲ್ಲಿ ಸಾರಿ ಹೇಳಿದರು, ಹಳೆಯ ಕ್ರಮವೇ ಬೇಕೆನ್ನುವವರಿಗೆ ಒಂದು ಆಯ್ಕೆಯನ್ನೂ ಇಟ್ಟರು. ಇನ್ನು, ಪೂರ್ತಿ ಹೊಸದಾಗಿ ಬರೆಯುವುದೇ ಸುಲಭವಲ್ಲವೆ ಎನ್ನುವವರಿದ್ದಾರೆ. ಬೀನ್‌ಕೌಂಟ್ ಹುಟ್ಟಿದ್ದೇ ಹಾಗೆ ನಿಜ, ಆದರೆ ಅದು ಬೇರೆ ಹೆಸರಿನಲ್ಲಿ, ತನ್ನದೇ ವ್ಯಾಕರಣದೊಂದಿಗೆ ಬಂತು. ಲೆಡ್ಜರಿನ ಕಿರ್ದಿ ಲೆಡ್ಜರಿನಲ್ಲಿಯೇ ಉಳಿಯಿತು. ಇನ್ನು ಟೆಸ್ಟ್‌ಗಳ ವಿಚಾರ: ಕೋಡ್ ಬದಲಿಸುವ ಮುಂಚಿನ ಮತ್ತು ನಂತರದ ವರದಿಯನ್ನು ಅಕ್ಷರಕ್ಕಕ್ಷರ ಹೋಲಿಸಿದರೆ ಒಂದು ಖಾಲಿ ಜಾಗ ಹೆಚ್ಚಾದರೂ ನೂರು ಟೆಸ್ಟ್ ಬೀಳುತ್ತವೆ ಎಂಬ ದೂರನ್ನು ಒಪ್ಪುತ್ತೇನೆ. ಅಂಕಿಗಳನ್ನು ಸಿಎಸ್‌ವಿಯಲ್ಲಿ ಹೋಲಿಸಿ, ವರದಿಯ ವಿನ್ಯಾಸಕ್ಕೆ ಬೇರೆ ಟೆಸ್ಟ್ ಬರೆದರೆ ಮುಗಿಯಿತು.

ಲೆಡ್ಜರಿನ ಟೆಸ್ಟ್ ಕಡತಗಳು ಬಹಳ ಸರಳ: ಮೇಲೆ ಒಂದು ಪುಟ್ಟ ಕಿರ್ದಿ, ಕೆಳಗೆ ಕೊಡಬೇಕಾದ ಕಮಾಂಡ್, ಅದರ ಕೆಳಗೆ ಬರಬೇಕಾದ ವರದಿ. ಲೆಡ್ಜರಿನ ಕೋಡ್ ಇರುವ ಸಿ ಪ್ಲಸ್ ಪ್ಲಸ್ ಭಾಷೆ ಬಾರದ ವಾಣಿಜ್ಯ ವಿದ್ಯಾರ್ಥಿಯೂ ಇದನ್ನು ಬರೆಯಬಲ್ಲ. ಲಕ್ಷ-ಕೋಟಿಯ ಅಲ್ಪವಿರಾಮ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷ, ಜಿಎಸ್‌ಟಿಯ ಪೈಸೆ ಹೊಂದಾಣಿಕೆ ಇರುವ ಕಿರ್ದಿಗಳನ್ನು ನಾವೇ ಕೂಡಿಸಬೇಕೆಂಬುದು ನನ್ನ ಬಹುದಿನದ ಆಸೆ. ತೊಡಕು ಒಂದೇ: ನಿಜವಾದ ಕಿರ್ದಿಯಲ್ಲಿ ಒಂದು ಮನೆಯ, ಒಂದು ಅಂಗಡಿಯ ಗುಟ್ಟೆಲ್ಲ ಇರುತ್ತದೆ. ಖಾತೆಗಳ ಹೆಸರನ್ನು ಮರೆಮಾಡುವ ಸೌಲಭ್ಯ ಎಚ್‌ಲೆಡ್ಜರಿನಲ್ಲಿದೆ. ಮೊತ್ತಗಳು ಮಾತ್ರ ಇದ್ದಂತೆಯೇ ಉಳಿಯುತ್ತವೆ. ಅವನ್ನೂ ಮನಬಂದಂತೆ ಕಲಸಿದರೆ ನಮಗೆ ಬೇಕಾದ ಆ ಸೂಕ್ಷ್ಮ ವ್ಯತ್ಯಾಸವೇ ಮಾಯವಾಗುತ್ತದೆ. ಪೂರ್ಣಾಂಕವನ್ನಷ್ಟೇ ಬದಲಿಸಿ ದಶಾಂಶವನ್ನು ಉಳಿಸಿಕೊಳ್ಳುವುದು ಒಂದು ದಾರಿ. ಷೇರಿನ ನಮೂದಿನಲ್ಲಿ 33.333 ಇದ್ದಲ್ಲಿ 41.333, 100.00 ಇದ್ದಲ್ಲಿ 124.00 ಹಾಕಿದರೆ ನಿಜವಾದ ಮೊತ್ತ ಹೊರಬೀಳುವುದಿಲ್ಲ, ಸಾವಿರದಲ್ಲೊಂದು ಭಾಗದ ವ್ಯತ್ಯಾಸವೂ ಕಳೆಯುವುದಿಲ್ಲ. ಇಡೀ ಕಿರ್ದಿಗೆ, ಖಾತೆಯಿಂದ ಖಾತೆಗೆ ತಾಳೆ ತಪ್ಪದಂತೆ, ಇದನ್ನು ಪ್ರೋಗ್ರಾಮೇ ಮಾಡುವುದು ಹೇಗೆ ಎಂಬುದನ್ನು ಮೊದಲ ಗೋಷ್ಠಿಯಲ್ಲಿ ವಾಣಿಜ್ಯ ಮತ್ತು ಗಣಕ ವಿಜ್ಞಾನ ಎರಡೂ ವಿಭಾಗದವರು ಒಟ್ಟಿಗೆ ಕೂತು ಚರ್ಚಿಸಬೇಕೆಂದು ಕೋರುತ್ತೇನೆ.